ಅಮ್ಮತ್ತಿಯಿಂದ ಹೋದ ತಂತಿ

ಬೆಳಗೆದ್ದು ಮುಖ ತೊಳೆಯುವ ಮೊದಲೇ ಫೋನಿನಲ್ಲಿ ಹತ್ತು ಜನಕ್ಕೆ ಜೋಕು ಹಂಚುವ ರೋಗ ಈಗಿನ ಮಕ್ಕಳಿಗೆ ಮಾತ್ರ ಅಂಟಿದ್ದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆ ರೋಗದ ಮೂಲಪುರುಷರು ನಮ್ಮ ಭಾವ! ಕೊಡಗು ಆಗಷ್ಟೇ ಮೈಸೂರು ರಾಜ್ಯಕ್ಕೆ ಸೇರಿದ್ದ ಕಾಲ. ಅಮ್ಮತ್ತಿಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದುಕೊಂಡು, ಕರೆಂಟೂ ಇಲ್ಲದ ಮನೆಯಲ್ಲಿ ಕೂತು, ಬರೀ ಪೋಸ್ಟ್‌ಕಾರ್ಡಿನಿಂದ ಜಿಲ್ಲೆಯ ಈ ತುದಿಯಿಂದ ಆ ತುದಿಗೆ ಸೋಂಕು ಹರಡಿದವರು ಅವರು.

ನಾನು ಅವರ ನಾದಿನಿ. ಅಕ್ಕನ ಮನೆಯಲ್ಲಿದ್ದುಕೊಂಡು ಅಮ್ಮತ್ತಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಹೀಗಾಗಿ ಪ್ರತಿಯೊಂದು ಜೋಕೂ ಅಂಚೆಗೆ ಬೀಳುವ ಮೊದಲು ನನ್ನ ತಲೆಯ ಮೇಲೆ ಬೀಳುತ್ತಿತ್ತು.

"ಏನಮ್ಮಾ ಟೀಚರಮ್ಮ, ಹಲ್ಲಿಗೂ ಹಲ್ಲಿಗೂ ಏನು ವ್ಯತ್ಯಾಸ?"

"ಗೊತ್ತಿಲ್ಲ ಭಾವ."

"ಒಂದು ಬಾಯಲ್ಲಿರುತ್ತೆ, ಇನ್ನೊಂದು ಗೋಡೆ ಮೇಲಿರುತ್ತೆ!"

ಇಷ್ಟಕ್ಕೇ ಬಿಟ್ಟಿದ್ದರೆ ಕ್ಷಮಿಸಬಹುದಿತ್ತು. ಆದರೆ ಭಾವ ಬಿಡುವವರಲ್ಲ. ನಾನು ನಗಲಿಲ್ಲ ಎಂದರೆ ನನಗೆ ಅರ್ಥವಾಗಲಿಲ್ಲ ಎಂದೇ ಲೆಕ್ಕ. ಗೋಡೆಯ ಮೇಲಿನ ಹಲ್ಲಿಯನ್ನು ಹುಡುಕಿ ತೋರಿಸಿ, ಆಮೇಲೆ ತಮ್ಮ ಬಾಯಿ ತೆರೆದು ಹಲ್ಲನ್ನೂ ತೋರಿಸುತ್ತಿದ್ದರು. ಅಷ್ಟು ಹೊತ್ತಿಗೆ ನನ್ನ ತಟ್ಟೆಯ ಅಕ್ಕಿರೊಟ್ಟಿ ತಣ್ಣಗಾಗಿರುತ್ತಿತ್ತು.

ಅದೇ ಜೋಕನ್ನು ಅವರು ನನ್ನನ್ನು ನೋಡಲು ಬಂದ ಗಂಡಿನ ಮುಂದೆಯೂ ಹೇಳಿದರು. ಆ ಪುಣ್ಯಾತ್ಮನ ಹಲ್ಲು ಸ್ವಲ್ಪ ಮುಂದಕ್ಕಿತ್ತು. ಬಂದವರು ಉಪ್ಪಿಟ್ಟು ಮುಗಿಸದೆ ಎದ್ದು ಹೋದರು. ಅಕ್ಕ ಎರಡು ದಿನ ಭಾವನೊಂದಿಗೆ ಮಾತು ಬಿಟ್ಟಳು. ನನಗೆ ಆ ಗಂಡು ಮೊದಲೇ ಹಿಡಿಸಿರಲಿಲ್ಲ. ಭಾವನ ಜೋಕಿನಿಂದ ಲೋಕಕ್ಕೆ ಆದ ಒಂದೇ ಒಂದು ಉಪಕಾರವೆಂದರೆ ಅದು!

ಎಸ್ಟೇಟಿನಲ್ಲಂತೂ ಕೇಳುವುದೇ ಬೇಡ. ಬೆಳಿಗ್ಗೆ ಆಳುಗಳ ಹಾಜರಿ ಹಾಕುವ ಮೊದಲು ಒಂದು ಜೋಕು ಕಡ್ಡಾಯ. ಆಳುಗಳ ಲೈನು ಮನೆಗಳಿಂದ ಬಂದ ತಮಿಳು ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಹಾಜರಿ ಪುಸ್ತಕ ಯಾರ ಕೈಯಲ್ಲಿದೆಯೋ ಅವರ ಜೋಕಿಗೆ ನಗದೆ ಇರಲಾದೀತೇ? ಒಬ್ಬ ಮುದುಕಿಯಂತೂ ಭಾವ ಬಾಯಿ ತೆರೆಯುವ ಮೊದಲೇ ನಕ್ಕು ಬುಟ್ಟಿ ಎತ್ತಿಕೊಂಡು ಕಾಫಿ ಹಣ್ಣಿನ ಪಿಕ್ಕಿಂಗಿಗೆ ಹೊರಟುಬಿಡುತ್ತಿದ್ದಳು. "ಎಂಥ ರಸಿಕರು ನೋಡು," ಎಂದು ಭಾವ ಮನೆಗೆ ಬಂದು ಕಣ್ಣರಳಿಸುತ್ತಿದ್ದರು.

ಇನ್ನು ಅಂಚೆಯ ವಿಷಯ. ಮಡಿಕೇರಿಯ ಹೈಸ್ಕೂಲಿನಲ್ಲಿ ಭಾವನೊಂದಿಗೆ ಕೊನೆಯ ಬೆಂಚಿನಲ್ಲಿ ಕೂತವರು ಇಬ್ಬರು. ಒಬ್ಬರು ಶಿರಂಗಾಲದಲ್ಲಿ ಬೇಸಾಯಕ್ಕಿಳಿದಿದ್ದರು. ಇನ್ನೊಬ್ಬರು ಕಕ್ಕಬೆಯ ಕೊಡವರು, ಏಲಕ್ಕಿ ತೋಟದವರು. ಇವರಿಗೆ ತಂದೆತಾಯಿ ಇಟ್ಟ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಬೇಕಿರಲಿಲ್ಲ. "ಶಿರಂಗಾಲಕ್ಕೆ ಶೀತವಂತೆ," "ಕಕ್ಕಬೆಗೆ ಮಗಳು ಹುಟ್ಟಿದಳಂತೆ," ಹೀಗೇ ಮಾತು. ಪ್ರತಿ ಸೋಮವಾರ ಭಾವ ಇಬ್ಬರಿಗೂ ಒಂದೊಂದು ಕಾರ್ಡು ಹಾಕುತ್ತಿದ್ದರು. ಶಿರಂಗಾಲ ತಿರುಗಿ ಇನ್ನೊಂದು ಜೋಕು ಬರೆಯುತ್ತಿದ್ದರು. ಕಕ್ಕಬೆಯಿಂದ ಬರುವ ಕಾರ್ಡಿನಲ್ಲಿ ಮಾತ್ರ ಒಂದೇ ಅಕ್ಷರ: "ಥೂ." ಭಾವನಿಗೆ ಅದಕ್ಕಿಂತ ದೊಡ್ಡ ಬಿರುದಿಲ್ಲ. ಆ ಕಾರ್ಡನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿ ಒಂದು ವಾರ ನೋಡುತ್ತಿದ್ದರು.

ಕಾರ್ಡೆಂದರೆ ಊರೆಲ್ಲ ಓದುವ ಸಾಹಿತ್ಯ. ನಮ್ಮ ಪೋಸ್ಟ್‌ಮನ್ ಮಲಯಾಳಿ. ಆತ ಗೇಟಿನಿಂದಲೇ ವಿಮರ್ಶೆ ಕೊಡುತ್ತಿದ್ದ. "ಈ ಸಲ ಶಿರಂಗಾಲದ್ದು ಪೋರಾ ಸಾರ್, ಸಾಲದು. ಹೋದ ವಾರದ್ದೇ ಪರವಾಗಿಲ್ಲ."

ಹೀಗೆ ನಡೆಯುತ್ತಿರುವಾಗ ಮೈಸೂರಿನ ಕಡೆಯ ಒಬ್ಬ ಕಾಫಿ ಏಜೆಂಟರು ಎಸ್ಟೇಟಿಗೆ ಬಂದು ಹೊಸ ಜೋಕೊಂದನ್ನು ಹೇಳಿದರು. ಚಪ್ಪಲಿ ಬೇಡದ ಕಾಲು ಯಾವುದು? ಮುಕ್ಕಾಲು! ಭಾವನಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಅಷ್ಟರಲ್ಲಿ ಏಜೆಂಟರು, ತಾವು ಅಂದೇ ಸಂಜೆ ಶಿರಂಗಾಲದವರ ಮನೆಗೂ ಹೋಗುವುದಾಗಿ ಹೇಳಬೇಕೇ? ಅಲ್ಲಿಗೆ ಮುಗಿಯಿತು. ಶಿರಂಗಾಲಕ್ಕೆ ಜೋಕು ಗೊತ್ತಾಗುತ್ತದೆ, ಶಿರಂಗಾಲ ಕಕ್ಕಬೆಗೆ ಬರೆಯುತ್ತಾರೆ, ಭಾವನ ಸೋಮವಾರದ ಕಾರ್ಡು ತಡವಾಗಿ ಹೋಗಿ ಹಳಸಲಾಗುತ್ತದೆ! ಭಾವ ಸೀದಾ ಅಂಚೆ ಕಚೇರಿಗೆ ಹೋಗಿ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು, ಕಕ್ಕಬೆಗೆ ಒಂದು ತಂತಿ ಕೊಟ್ಟು ಬಂದರು.

ಅಕ್ಕ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ತಂತಿ ಅಂದ್ರೆ ಸಾವಿನ ಸುದ್ದಿ ಅಂತ ಜನ ನಡುಗ್ತಾರೆ. ನಿಮ್ಗೇನ್ ಬುದ್ಧಿ ಕೆಟ್ಟಿದ್ಯೇನ್ರೀ?"

"ಓದಿದ ಮೇಲೆ ನಗ್ತಾರೆ ಕಣೇ."

ಓದುವವರು ಬೇಕಲ್ಲ! ಅಲ್ಲಿ ನಡೆದದ್ದು ನಮಗೆ ಆಮೇಲೆ ತಿಳಿಯಿತು. ಕಕ್ಕಬೆಯವರು ತೋಟಕ್ಕೆ ಹೋಗಿದ್ದರು. ಮನೆಯಲ್ಲಿದ್ದವರು ಅವರ ತಾಯಿ ಮತ್ತು ಒಬ್ಬ ವಯಸ್ಸಾದ ದೊಡ್ಡಪ್ಪ. ಇಬ್ಬರಿಗೂ ಇಂಗ್ಲಿಷ್ ಅಕ್ಷರ ಬಾರದು. ಆ ತಾಯಿಯ ಕಿರಿಯ ಮಗ ಮಿಲಿಟರಿಯಲ್ಲಿ, ಎಲ್ಲೋ ಗಡಿಯಲ್ಲಿದ್ದ. ತಂತಿಯ ಕಾಗದ ಕೈಗೆ ಬಂದದ್ದೇ ಆಕೆ ಅಂಗಳದಲ್ಲಿ ಕುಸಿದರು. ದೊಡ್ಡಪ್ಪ ಕೋವಿ ತಂದು ಆಕಾಶಕ್ಕೆ ಎರಡು ಗುಂಡು ಹಾರಿಸಿದರು. ಸಾವಾದ ಮನೆಯ ಜೋಡಿ ಗುಂಡು ಕೇಳಿದರೆ ಕೊಡಗಿನಲ್ಲಿ ಯಾರೂ ಮನೆಯಲ್ಲಿ ಕೂರುವುದಿಲ್ಲ. ಬಿಳಿ ಬಟ್ಟೆ ಉಟ್ಟು ಇಡೀ ಊರು ಬಂತು. ತಮ್ಮದೇ ಮನೆಯ ಗುಂಡಿನ ಸದ್ದು ಕೇಳಿ ಕಕ್ಕಬೆಯವರು ತೋಟದಿಂದ ಓಡಿಬಂದರು. ತಂತಿ ಬಿಡಿಸಿ, ಅಳುತ್ತಿದ್ದ ಅಷ್ಟು ಜನರ ನಡುವೆ ನಿಂತು ಓದಿದರು: ಚಪ್ಪಲಿ ಬೇಡದ ಕಾಲು ಮುಕ್ಕಾಲು.

ನಾಲ್ಕು ದಿನಕ್ಕೆ ಕಾರ್ಡು ಬಂತು. "ಇನ್ನು ನನಗೆ ಬರೆಯಬೇಡ."

"ಅಂತೂ ನಿಮ್ಮ ಗೆಳೆಯರಲ್ಲಿ ಒಬ್ಬರಿಗಾದರೂ ಬುದ್ಧಿ ಇದೆ ಭಾವ," ಎಂದು ನಾನು ಹೇಳಿದೆ. ಭಾವ ಕ್ಷಮೆ ಕೇಳಿ ಆರು ಕಾರ್ಡು ಬರೆದರು, ಒಂದಕ್ಕೂ ಜವಾಬಿಲ್ಲ. ಖುದ್ದಾಗಿ ಹೋಗಿ ಕಾಲು ಹಿಡಿಯುತ್ತೇನೆ ಎಂದು ಮೂರು ಸಲ ಹೊರಟರು. ಮೂರು ಸಲವೂ ಕಕ್ಕಬೆಯ ದಾರಿಯಲ್ಲಿರುವ ನಾಪೋಕ್ಲಿನವರೆಗೆ ಹೋಗಿ, ಅಲ್ಲಿ ಚಹಾ ಕುಡಿದು, ವಾಪಸು ಬಂದರು. "ನಾಪೋಕ್ಲಿನ ಚಹಾ ಅಷ್ಟು ಚೆನ್ನಾಗಿದೆಯಾ ಭಾವ?" ಎಂದು ನಾನು ಕುಟುಕುತ್ತಿದ್ದೆ. ಸೋಮವಾರದ ಕಾರ್ಡು ನಿಂತಿತು. ಹಾಜರಿಯ ಹೊತ್ತಿನ ಜೋಕೂ ನಿಂತಿತು. ಮುದುಕಿ ಅಭ್ಯಾಸಬಲದಿಂದ ಇನ್ನೂ ನಗುತ್ತಲೇ ಇದ್ದಳಂತೆ.

ಒಂದು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಕಕ್ಕಬೆಯವರೇ ನಮ್ಮ ಬಾಗಿಲಲ್ಲಿ ನಿಂತಿದ್ದರು. ಭಾವ ದಡಬಡಿಸಿ ಎದ್ದು ಕುರ್ಚಿ ಎಳೆದರು. ಅವರು ಕೂರಲಿಲ್ಲ.

"ತಮ್ಮ ಹೋದ," ಎಂದರು. "ಮಿಲಿಟರಿಯಿಂದ ತಂತಿ ಬಂದು ಎರಡು ದಿನ ಆಯ್ತು. ಅವ್ವ ನಂಬ್ತಾ ಇಲ್ಲ. ಇದೂ ಅಮ್ಮತ್ತಿಯವನ ತಮಾಷೆ ಅಂತ ಹೇಳಿ ನಗ್ತಾ ಕೂತಿದ್ದಾರೆ. ಗುಂಡು ಹಾರಿಸೋಕೆ ಬಿಡ್ತಾ ಇಲ್ಲ. ಊರಿಗೆ ಗೊತ್ತಿದ್ರೂ ಗುಂಡು ಕೇಳದೆ ಯಾರೂ ಬರೋ ಹಾಗಿಲ್ಲ. ನೀನೇ ಬಂದು ಹೇಳ್ಬೇಕು."

ಅಕ್ಕನೂ ನಾನೂ ಜೊತೆಗೆ ಹೊರಟೆವು. ಬಸ್ಸಿನಲ್ಲಿ ಭಾವನೂ ಕಕ್ಕಬೆಯವರೂ ಒಂದೇ ಸೀಟಿನಲ್ಲಿ ಕೂತು ನಾಪೋಕ್ಲನ್ನು ದಾಟಿದರು.

ಆ ತಾಯಿ ಜಗುಲಿಯಲ್ಲಿದ್ದರು. ಭಾವನನ್ನು ಅದಕ್ಕೆ ಮುಂಚೆ ಒಮ್ಮೆಯೂ ನೋಡಿರಲಿಲ್ಲ. ಆದರೂ ಗುರುತು ಹಿಡಿದವರಂತೆ ಮುಖ ಅರಳಿತು. "ಅಮ್ಮತ್ತಿಯವ ನೀನೇ ಅಲ್ಲವಾ? ನೋಡು, ಇವರೆಲ್ಲ ನನ್ನನ್ನು ಹೆದರಿಸುತ್ತಾರೆ. ಈ ತಂತಿ ನೀನು ಕಳಿಸಿದ್ದು ಅಂತ ಹೇಳಿಬಿಡು ಮಗ. ನಾನು ಬೈಯುವುದಿಲ್ಲ."

ಹೇಳಿಬಿಡಲಿ ಎಂದು ನನಗೇ ಅನ್ನಿಸಿತು. ಒಂದು ದಿನದ ಮಟ್ಟಿಗಾದರೂ ಹೇಳಿಬಿಡಲಿ. ಆಕೆಯ ಮುಖ ನೋಡಿದ ಯಾರಿಗೂ ಹಾಗೇ ಅನ್ನಿಸುತ್ತಿತ್ತು.

ಭಾವ ಅವರ ಕಾಲ ಬಳಿ ನೆಲದ ಮೇಲೆ ಕೂತರು. "ಇಲ್ಲ ಅವ್ವ," ಎಂದರು. "ಅವತ್ತಿನದು ನನ್ನದು. ಇದು ನನ್ನದಲ್ಲ." ಅಷ್ಟು ವರ್ಷ ಬಾಯಿ ಮುಚ್ಚದ ಮನುಷ್ಯ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು.

ಆಕೆ ತುಂಬ ಹೊತ್ತು ಅವರನ್ನೇ ನೋಡಿದರು. ಕೊನೆಗೆ ದೊಡ್ಡಪ್ಪನ ಕಡೆ ತಿರುಗಿ ತಲೆಯಾಡಿಸಿದರು. ಅಂಗಳದಲ್ಲಿ ಜೋಡಿ ಗುಂಡು ಹಾರಿತು. ಆಗ ಆಕೆ ಅತ್ತರು. ಕಕ್ಕಬೆಯವರು ಬಂದು ಭಾವನ ಬೆನ್ನಿನ ಮೇಲೆ ಕೈಯಿಟ್ಟು ಕೂತರು.

ಭಾವನನ್ನು ನಾನು ಆಡಿಕೊಂಡದ್ದಕ್ಕೆ ಲೆಕ್ಕವಿಲ್ಲ. ಅವತ್ತು ಅವರ ಕಡೆ ತಲೆಯೆತ್ತಿ ನೋಡಲು ನನಗೆ ನಾಚಿಕೆಯಾಯಿತು. ಬಿಳಿ ಬಟ್ಟೆಯಲ್ಲಿ ಊರಿನವರು ಒಬ್ಬೊಬ್ಬರಾಗಿ ಬರತೊಡಗಿದರು. ಭಾವ ಏಳಲು ಹೋದರೆ ಆ ತಾಯಿ ಬಿಡಲಿಲ್ಲ. ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡು, ಬಂದವರಿಗೆಲ್ಲ ಹೇಳುತ್ತಿದ್ದರು: "ಇವ ಅಮ್ಮತ್ತಿಯವ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ."