ಸಕುಟುಂಬ ಮರುಭೂಮಿ ದರ್ಶನ

೧೯೬೧ರ ಮಾರ್ಚ್ ತಿಂಗಳವರೆಗೆ ಮಂಗಳೂರಿನಲ್ಲಿ ಮರುಭೂಮಿ ಇರಲಿಲ್ಲ. ಅದನ್ನು ತಂದ ಕೀರ್ತಿ ಕೊಟ್ಟಾರದ ಹಂಚು ತಪಾಸಣಾ ಕಚೇರಿಯ ಗುಮಾಸ್ತ ಮಹಾಬಲನಿಗೆ ಸಲ್ಲತಕ್ಕದ್ದು.

ಪಾಪ, ಅವನಿಗೆ ಬೇಕಾದದ್ದು ಹದಿನೈದು ದಿನದ ರಜೆ ಮಾತ್ರ. ಅಡುಗೆಮನೆಯ ಹಳೇ ಕ್ಯಾಲೆಂಡರಿನಲ್ಲಿ ರಾಜಸ್ಥಾನದ ಮರುಭೂಮಿಯ ಮರಳುಗಲ್ಲಿನ ಬೆಟ್ಟಗಳಿದ್ದವು, ಸಂಜೆ ಬಿಸಿಲಿಗೆ ಕೆಂಪಗೆ. ಏಳು ವರ್ಷವಾದರೂ ಹೆಂಡತಿ ಗುಲಾಬಿ ಅದನ್ನು ತೆಗೆಯಲು ಬಿಟ್ಟಿರಲಿಲ್ಲ. "ಸಾಯುವುದರೊಳಗೆ ಒಮ್ಮೆ ಅಲ್ಲಿ ನಿಲ್ಲಬೇಕು ನನಗೆ," ಎನ್ನುತ್ತಿದ್ದಳು. "ಬರುವ ವರ್ಷ" ಎಂದು ಹೇಳಿ ಹೇಳಿ ಮಹಾಬಲನಿಗೇ ನಾಚಿಕೆಯಾಗಿತ್ತು.

ಅರ್ಜಿ ನೋಡಿದ ಅಧಿಕಾರಿ ನಿತ್ಯಾನಂದರು ಕನ್ನಡಕ ತೆಗೆದರು. "ಇದು ನೋಡುವಂಥ ಸ್ಥಳ ಅಂತ ಹೇಗೆ ಗೊತ್ತು? ನೀವು ನೋಡಿದ್ದೀರಾ?"

"ಇಲ್ಲ ಸಾರ್, ನೋಡ್ಲಿಕ್ಕೇ ರಜೆ ಕೇಳಿದ್ದು."

"ಊಹೆಯ ಮೇಲೆ ರಜೆ ಕೊಡ್ಲಿಕ್ಕೆ ಆಗುದಿಲ್ಲ. ನಿಯಮ ಹದಿನಾಲ್ಕು: ಪ್ರವಾಸದ ರಜೆ ಕೋರುವವರು ಸದರಿ ಸ್ಥಳದಲ್ಲಿ ಸಕುಟುಂಬ ನಿಂತ ಛಾಯಾಚಿತ್ರವನ್ನು ಲಗತ್ತಿಸತಕ್ಕದ್ದು."

"ರಜೆ ಇಲ್ಲದೆ ಹೋಗುವುದು ಹೇಗೆ ಸಾರ್?"

"ಭಾನುವಾರ ಉಂಟಲ್ಲ ಮಾರಾಯ್ರೆ!"

ಭಾನುವಾರ ಇತ್ತು, ನಿಜ. ಮಹಾಬಲ ಹೆಂಡತಿ, ಮಗಳು ಶಶಿಪ್ರಭಾ ಮತ್ತು ಒಬ್ಬ ಫೋಟೋದವನನ್ನು ಕಟ್ಟಿಕೊಂಡು ದೋಣಿಯಲ್ಲಿ ಹೊಳೆಯಾಚೆಯ ಮರಳದಂಡೆ ಬೆಂಗ್ರೆಗೆ ದಾಟಿದ. ಮರಳು ಬೇಕಾದಷ್ಟಿತ್ತು. ದೋಣಿಯ ಮೂಸಬ್ಬ ಮನೆ ಕಟ್ಟಲು ಒಟ್ಟಿದ್ದ ಕೆಂಪು ಮುರಕಲ್ಲಿನ ರಾಶಿಯೇ ಬೆಟ್ಟವಾಯಿತು. ಒಣಗಲು ಹಾಕಿದ ಮೀನನ್ನು ಮಾತ್ರ ಬದಿಗೆ ಸರಿಸಬೇಕಾಯಿತು. ಗುಲಾಬಿಗೆ ನಗು ತಡೆಯಲಿಲ್ಲ. ಫೋಟೋದಲ್ಲಿ ಅವಳ ಬಾಯಿ ತೆರೆದೇ ಉಂಟು.

ನಿತ್ಯಾನಂದರು ಭೂತಗನ್ನಡಿ ಹಿಡಿದು ಪರಿಶೀಲಿಸಿದರು. "ಒಂಟೆ ಎಲ್ಲಿ?"

"ಒಂಟೆ... ರಜೆಯಲ್ಲಿ ಉಂಟು ಸಾರ್."

"ಅದರ ಅರ್ಜಿ?"

ಮಹಾಬಲ ಒಂಟೆಯ ಪರವಾಗಿ ಅಲ್ಲೇ ಅರ್ಜಿ ಬರೆದುಕೊಟ್ಟ. ಒಂಟೆಯ ರಜೆ ಐದು ನಿಮಿಷದಲ್ಲಿ ಮಂಜೂರಾಯಿತು. ಅವನ ಅರ್ಜಿಯ ಆದೇಶಕ್ಕೆ ಮೂರು ದಿನ ಹಿಡಿಯಿತು:

"ಅರ್ಜಿದಾರರು ಮರುಭೂಮಿಯನ್ನು ಸಕುಟುಂಬ ಈಗಾಗಲೇ ನೋಡಿರುವುದು ಛಾಯಾಚಿತ್ರದಿಂದ ದೃಢಪಟ್ಟಿದೆ. ಆದ್ದರಿಂದ ರಜೆಯ ಅವಶ್ಯಕತೆ ಇರುವುದಿಲ್ಲ. ಸದರಿ ಮರುಭೂಮಿಯನ್ನು ಭಾನುವಾರವೇ ನೋಡಿ ಮುಗಿಸಬಹುದಾದ ಕಾರಣ, ಇನ್ನು ಮುಂದೆ ಯಾರಿಗೂ ಪ್ರವಾಸದ ರಜೆ ಇಲ್ಲ."

ಮುಂದಿನ ಭಾನುವಾರ ಇಡೀ ಕಚೇರಿ ಸಂಸಾರ ಸಮೇತ ಬೆಂಗ್ರೆಗೆ ಹೋಯಿತು. ನಿತ್ಯಾನಂದರೂ ಹೋದರು. ಬೆಟ್ಟ ಕರಗಬಾರದೆಂದು ಮೂಸಬ್ಬ ಮನೆ ಕಟ್ಟುವುದನ್ನೇ ಬಿಟ್ಟಿದ್ದ.

"ಒಂಟೆ ರಜೆಯಲ್ಲಿ ಉಂಟು ಸಾಹೇಬ್ರೆ," ಎಂದ ಅವನು.

"ಗೊತ್ತುಂಟು. ನಾನೇ ಕೊಟ್ಟದ್ದು," ಎಂದರು ನಿತ್ಯಾನಂದರು.

ಇತ್ತ ಮನೆಯಲ್ಲಿ, ಆದೇಶ ಓದಿದ ಮೇಲೆ ಗುಲಾಬಿ ಎರಡು ದಿನ ಗಂಡನಿಗೆ ಬರೀ ಗಂಜಿ ಬಡಿಸಿದಳು. ಮೂರನೆಯ ದಿನ ಅವಳು ಕ್ಯಾಲೆಂಡರಿನ ಮುಂದೆ ತುಂಬಾ ಹೊತ್ತು ನಿಂತು, ಅದನ್ನು ಮೊಳೆಯಿಂದ ತೆಗೆದಳು.

"ಇದು ಯಾವುದೋ ಬೇರೆ ಊರು ಮಾರಾಯ್ರೆ," ಎಂದಳು, ತಾನು ನಗುತ್ತಿರುವ ಫೋಟೋವನ್ನು ಅಲ್ಲಿ ತೂಗುಹಾಕುತ್ತ. "ದೋಣಿಯೇ ಇಲ್ಲ. ದೋಣಿ ಇಲ್ಲದೆ ಮರುಭೂಮಿಗೆ ಹೋಗುವುದು ಹೇಗೆ?"