ಅಲಸಂದೆಯ ಸತ್ವಪರೀಕ್ಷೆ

ದಪ್ಪಗೆ, ಬೆಳ್ಳಗೆ ಹೊಳೆಯುವುದೆಲ್ಲ ಒಳ್ಳೆಯದೇ ಎಂದು ನಂಬುವವರಲ್ಲಿ ನಾನೂ ಒಬ್ಬ. ಶನಿವಾರಸಂತೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವನು ಹಾಗೆ ನಂಬದೆ ಬದುಕುವುದು ಕಷ್ಟ. ಪ್ಯಾಕೆಟ್ಟಿನ ಮೇಲಿನ ಚಿತ್ರ ನೋಡಿಯೇ ಬೀಜದ ಗುಣ ಹೇಳಿಬಿಡುತ್ತಿದ್ದೆ, ಕೇಳುವವರು ತಲೆಯಾಡಿಸುತ್ತಿದ್ದರು. ಇಂಥ ಪಂಡಿತನ ಹೆಂಡತಿ ಗಿರಿಜಾ ಮಾತ್ರ ತವರಿನಿಂದ ತಂದ ಸಣ್ಣ ಕೆಂಪು ಅಲಸಂದೆಯನ್ನೇ ವರ್ಷವರ್ಷವೂ ಗದ್ದೆಯ ಬದುವಿನಲ್ಲಿ ಹಾಕುತ್ತಿದ್ದಳು. ಮೆಣಸಿನ ಕಾಳಿಗಿಂತ ತುಸು ದೊಡ್ಡದು, ಅಷ್ಟೆ. ಗಿರಾಕಿಗಳು ಕಂಡರೆ ಏನಂದುಕೊಂಡಾರು ಎಂದು ನನಗೆ ಸಂಕೋಚ.

ಹೋದ ವರ್ಷ ಕಾಳುಗಳ ಮೇಲೆ ಸಂಶೋಧನೆ ಮಾಡುವ ಸುಮತಿ ಎಂಬ ಹುಡುಗಿ ಊರೂರಿನ ಅಲಸಂದೆ ಹುಡುಕುತ್ತಾ ಅಂಗಡಿಗೆ ಬಂದಳು. ನಾನು ನನ್ನ ದಪ್ಪ ಬಿಳಿ ಬೀಜದ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿ ಒಂದು ಪ್ಯಾಕೆಟ್ ಕೊಟ್ಟೆ. ಅಂಗಡಿಯ ಹಿಂದೆಯೇ ಮನೆ. ಕಾಫಿ ತಂದ ಗಿರಿಜಾ ತನ್ನದೂ ಒಂದು ಹಿಡಿ ಕಟ್ಟಿಕೊಟ್ಟಳು.

ಆಮೇಲೆ ನನಗೆ ಸುಸ್ತು ಶುರುವಾಯಿತು. ಪ್ರೋಟೀನು, ಕಬ್ಬಿಣದ ಅಂಶ ಸಾಲದು ಎಂದರು ಡಾಕ್ಟರು. ಕುಶಾಲನಗರದಿಂದ ದೊಡ್ಡ ಡಬ್ಬಿಯ ಪುಡಿ ತಂದು ಹಾಲಿಗೆ ಕದಡಿ ಕುಡಿಯತೊಡಗಿದೆ. ಡಬ್ಬಿಗೆ ಅಡುಗೆಮನೆಯ ಗೂಡಿನಲ್ಲಿ ಜಾಗ ಬೇಕಿತ್ತು. ಗಿರಿಜಾ ಯಾರದೋ ಮದುವೆಗೆ ಹೋದ ದಿನ, ಬಿತ್ತಲೆಂದು ಬೂದಿ ಬೆರೆಸಿಟ್ಟಿದ್ದ ಅವಳ ಅಲಸಂದೆಯನ್ನೆಲ್ಲ ತೊಳೆದು ಬೇಯಿಸಿ ಹಸುವಿಗೆ ಇಟ್ಟೆ. ಹಸುವಿಗೆ ಪ್ರೋಟೀನು, ನನಗೆ ಡಬ್ಬಿ.

ವಾರ ಕಳೆಯುವಷ್ಟರಲ್ಲಿ ಸುಮತಿಯ ಫೋನು. ತಂದ ಕಾಳುಗಳಲ್ಲೆಲ್ಲ ಕಬ್ಬಿಣ, ಸತು, ಪ್ರೋಟೀನು ಹೆಚ್ಚಿರುವುದು ಗಿರಿಜಮ್ಮನ ಕಾಳಿನಲ್ಲೇ ಅಂತೆ. ನನ್ನದು ಪಟ್ಟಿಯ ತಳದಲ್ಲಂತೆ. ಕೊಟ್ಟ ಹಿಡಿ ಪರೀಕ್ಷೆಗೇ ಪುಡಿಯಾಗಿದೆ, ಹೊಸ ತಳಿ ಮಾಡಲು ಇನ್ನಷ್ಟು ಬೇಕು ಎಂದಳು. ಗಿರಿಜಾ ಸಂಭ್ರಮದಿಂದ ಗೂಡಿಗೆ ಕೈ ಹಾಕಿದಳು. ನಾನು ನಿಜ ಹೇಳಿದೆ.

"ಅದು ನಮ್ಮವ್ವ ಕೊಟ್ಟ ಬೀಜ ಕಣ್ರೀ," ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು. ಅವ್ವ ಈಗಿಲ್ಲ. ಗಿರಿಜಾ ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ಬೆಳಗ್ಗೆಯೇ ಸೋಮವಾರಪೇಟೆಯ ಬಸ್ಸು ಹತ್ತಿದೆ. ಅಲ್ಲಿ ಅವಳ ತಮ್ಮ ಶಿವಣ್ಣ ಇದ್ದಾನೆ. ಅವ್ವನ ಆ ಕಾಳು ಬಿಡು, ಪ್ಯಾಕೆಟ್ಟಿನದು ಹಾಕು ಎಂದು ಅವನಿಗೂ ಬುದ್ಧಿ ಹೇಳಿದ್ದೆ. ಪುಣ್ಯಕ್ಕೆ ಅವನು ನನ್ನ ಮಾತು ಕೇಳಿರಲಿಲ್ಲ. ಊಟ ಹಾಕಿ, ತೋಟವೆಲ್ಲ ಸುತ್ತಿಸಿ, ಸಂಜೆಯವರೆಗೆ ಕಾಯಿಸಿ ಒಂದು ಸೇರು ಕೊಟ್ಟ.

"ಜೋಪಾನ ಭಾವ, ದಾರೀಲಿ ಹಸು ಸಿಕ್ಕಾವು," ಎಂದ.

ಸುಮತಿ ಬರುವ ಹೊತ್ತಿಗೆ ಗಿರಿಜಾ ನನ್ನೊಡನೆ ಮಾತಿಗೆ ಬಂದಿದ್ದಳು. ನನ್ನ ಬೀಜಕ್ಕೆ ಇಳುವರಿ ಇದೆ, ಸತ್ವವಿಲ್ಲ. ಗಿರಿಜಮ್ಮನದಕ್ಕೆ ಸತ್ವವಿದೆ, ಇಳುವರಿ ಸಾಲದು. ಎರಡನ್ನೂ ಕೂಡಿಸಿ, ಎರಡರ ಒಳ್ಳೆಯ ಗುಣವೂ ಬಂದ ಗಿಡಗಳನ್ನು ತಲೆಮಾರುಗಟ್ಟಲೆ ಆರಿಸುತ್ತಾ ಹೋಗಬೇಕು ಎಂದು ಸುಮತಿ ವಿವರಿಸಿದಳು. ಎರಡರ ಕೆಟ್ಟ ಗುಣವೇ ಸೇರಿ ಬರುವುದೂ ಉಂಟಾ ಎಂದು ಗಿರಿಜಾ ಕೇಳಿದಳು. ಉಂಟು, ಅಂಥವನ್ನು ಕಿತ್ತುಹಾಕಿ ಹೊಸದಾಗಿ ಜೋಡಿ ಮಾಡುತ್ತೇವೆ ಎಂಬ ಉತ್ತರ ಬಂತು.

ಗಿರಿಜಾ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. "ಆ ಅನುಕೂಲ ನಮ್ಮ ಕಾಲದಲ್ಲಿ ಇರಲಿಲ್ಲಮ್ಮ," ಎಂದಳು.

ಮಾತು ನಮ್ಮ ಮುಂದಿನ ತಲೆಮಾರಿಗೆ ಹೋಗುವ ಮೊದಲೇ, ಕಾಫಿ ಮಾಡುತ್ತೇನೆಂದು ನಾನು ಎದ್ದುಹೋದೆ.