ಹಸಿರು ಬಿದ್ದ ದೊಡ್ಡಿ

ನನ್ನ ನೌಕರಿಯಲ್ಲಿ ನಗುವಂಥ ಪ್ರಸಂಗಗಳಿಗೆ ಎಂದೂ ಬರ ಬಂದಿಲ್ಲ. ಬರ ಬಂದಿರುವುದು ನಗುವ ಶಕ್ತಿಗೆ ಮಾತ್ರ.

ನಾನು ಶಹಾಪುರದ ಆಸ್ಪತ್ರೆಯೊಂದರಲ್ಲಿ ಮೇಟ್ರನ್. ಕಾನ್ವೆಂಟಿನಲ್ಲಿ ಓದಿದವಳು. ಹಾಸಿಗೆಯ ಚಾದರದಲ್ಲಿ ಸುಕ್ಕು ಇರಬಾರದು, ಬರೆದ ಕಾಗದದಲ್ಲಿ ಗೀಚು ಇರಬಾರದು ಎಂದು ಅಲ್ಲಿಯ ಸಿಸ್ಟರ್‌ಗಳು ಕಲಿಸಿದ್ದನ್ನು ಇಂದಿಗೂ ಬಿಟ್ಟಿಲ್ಲ. ಬಿಟ್ಟಿದ್ದರೆ ಒಳ್ಳೆಯದಿತ್ತೋ ಏನೋ.

ಯಾದಗಿರಿಯಿಂದ ಆದೇಶ ಬಂತು. ಮನೆಮನೆಗೆ ಹೋಗಿ ಯಾರಿಗೆ ಏನು ಕಾಯಿಲೆ ಎಂದು ಬರೆದು ತರಬೇಕು. ಅದನ್ನೆಲ್ಲ ನಕ್ಷೆಯ ಮೇಲೆ ಹಾಕುತ್ತಾರೆ. ಕಾಯಿಲೆ ಹೆಚ್ಚಿದ್ದ ಊರಿಗೆ ಕೆಂಪು, ಕಡಿಮೆ ಇದ್ದ ಊರಿಗೆ ಹಸಿರು. ಕೆಂಪು ಬಿದ್ದ ಕಡೆ ಹೊಸ ನರ್ಸ್.

ನನ್ನ ಪಾಲಿಗೆ ಬಂದ ಊರುಗಳಲ್ಲಿ ವಡಗೇರಾ ಕಡೆಯ, ಭೀಮಾ ಹೊಳೆಯ ದಂಡೆಯ ಒಂದು ದೊಡ್ಡಿಯೂ ಇತ್ತು. ದೊಡ್ಡಿ ಎಂದರೆ ಊರಿಂದ ದೂರ, ಹೊಲಗಳ ನಡುವೆ ಬೆಳೆದುಕೊಂಡ ನಲವತ್ತು ಮನೆ. ಬಸ್ಸಿಲ್ಲ, ನರ್ಸಿಲ್ಲ. ಅಲ್ಲಿಯ ಆಶಾ ಕಾರ್ಯಕರ್ತೆಯ ಹಿರಿಯ ಮಗಳು ಹೋದ ಸಲ ಟ್ರ್ಯಾಕ್ಟರಿನಲ್ಲೇ ಹೆತ್ತಳು. ಡಾಂಬರು ರಸ್ತೆ ಮುಟ್ಟುವಷ್ಟರಲ್ಲಿ ಕೂಸು ಹೋಗಿತ್ತು. ಈಗ ಅವಳಿಗೆ ಮತ್ತೆ ನಾಲ್ಕು ತಿಂಗಳು. ಹೆದರಿ ತಾಯಿ ಈಗಲೇ ತವರಿಗೆ ಕರೆತಂದಿದ್ದಳು.

“ಅಮ್ಮಾರ, ಡಾಕ್ಟರ್ ಬ್ಯಾಡ್ರಿ, ದವಾಖಾನಿ ಬ್ಯಾಡ್ರಿ. ಒಬ್ಬಾಕಿ ನರ್ಸಮ್ಮನ್ನ ಕೊಡ್ರಿ. ಈ ಕೂಸರ ಉಳೀಲಿ,” ಎಂದಳು ಆಶಾ.

“ಫಾರ್ಮು ಸರಿಯಾಗಿ ತುಂಬಿದರೆ ನರ್ಸ್ ತಾನಾಗಿಯೇ ಬರುತ್ತಾಳೆ,” ಎಂದೆ. ನಾನು ಅದನ್ನು ನಂಬಿಯೇ ಹೇಳಿದ್ದೆ.

೧. ಎಲ್ಲರೂ ಆರಾಮ

ನನ್ನ ಜೊತೆ ಬಂದ ಇಬ್ಬರು ನರ್ಸ್‌ಗಳಿಗೆ ಖಡಕ್ಕಾಗಿ ಹೇಳಿದ್ದೆ: ಜನ ಏನು ಹೇಳುತ್ತಾರೋ ಅದನ್ನಷ್ಟೇ ಬರೆಯಬೇಕು, ತಲೆಯಿಂದ ಒಂದಕ್ಷರವೂ ಸೇರಿಸಕೂಡದು. ಫಾರ್ಮಿನ ಮೊದಲ ಪ್ರಶ್ನೆ, “ನೀವು ಆರಾಮವಾಗಿದ್ದೀರಾ?” ಹೌದು ಎಂದರೆ ಮುಂದಿನ ಹಾಳೆಗಳೆಲ್ಲ ಖಾಲಿ ಬಿಡಬೇಕು.

ಮೊದಲ ಮನೆಯ ಮುದುಕ ಎರಡು ನಿಮಿಷ ಕೆಮ್ಮಿದ. ಗೋಡೆ ಹಿಡಿದು ಉಸಿರು ತೆಗೆದುಕೊಂಡ. ಆಮೇಲೆ ಕೈಮುಗಿದು, “ಆರಾಮ್ರಿ. ನೀವು ಆರಾಮ?” ಎಂದ.

“ಈ ಕೆಮ್ಮು?”

“ಕೆಮ್ಮು ಬ್ಯಾರೇರಿ. ಅದು ನಮ್ಮಪ್ಪನ ಕಾಲದಿಂದ ಅದ.”

ಎರಡನೆಯ ಮನೆಯ ಹೆಂಗಸಿನ ಕಾಲು ಬಾತು ಕುಂಬಳಕಾಯಿಯಂತಾಗಿತ್ತು. ಅವಳೂ ಆರಾಮ. ನನಗೆ ತಡೆಯಲಿಲ್ಲ. “ಕಾಲು ಹೀಗಿರುವಾಗ ಆರಾಮ ಎನ್ನುತ್ತೀಯಲ್ಲ!” ಎಂದು ಗದರಿದೆ.

ಅವಳ ಅತ್ತೆ ನನ್ನನ್ನೇ ಗದರಿದಳು. “ಮನಿಗಿ ಬಂದೋರು ಹೊಸ್ತಿಲದಾಗ ನಿಂತು ಆರಾಮಿದ್ದೀರೇನು ಅಂತ ಕೇಳಿದ್ರ ಯಾರರ ಜಡ್ಡು ಹೇಳ್ತಾರೇನಬೇ? ರೀತಿ ರಿವಾಜು ಇಲ್ಲೇನು? ಒಳಗ ಬಾ, ಕುಂದುರು, ಚಾ ಕುಡಿ. ಆಮ್ಯಾಲ ಹೇಳ್ತೀವಿ.”

ನಲವತ್ತು ಮನೆಯಲ್ಲಿ ಚಹಾ ಕುಡಿಯುವಷ್ಟು ಹೊತ್ತು ನಮಗಿರಲಿಲ್ಲ. ಕೊನೆಯ ಮನೆಯಲ್ಲಿ ಗಂಡ ಹೊರಸಿನ ಮೇಲೆ ಅಲುಗಾಡದೆ ಮಲಗಿದ್ದ. ನೊಣ ಕೂತರೂ ಕೈ ಏಳಲಿಲ್ಲ. ಇವರು ಹೇಗಿದ್ದಾರೆ ಎಂದು ಕೇಳಿದೆ.

“ಅವರು ಭಾಳ ಆರಾಮ ಅದಾರ್ರಿ,” ಎಂದಳು ಹೆಂಡತಿ. “ಎದ್ದು ಕೂಡ್ಲಾಕ ಬರಂಗಿಲ್ಲ, ಅಷ್ಟ.”

೨. ಬಸುರಿಯರ ಲೆಕ್ಕ

ದೊಡ್ಡಿಯ ಕಟ್ಟೆಯ ಮೇಲೆ ಐವರು ಬಸುರಿಯರು ಸಾಲಾಗಿ ಕೂತಿದ್ದರು, ಆಶಾಳ ಮಗಳೂ ಸೇರಿ. ಐವರೂ ಹೆರಿಗೆಗೆಂದು ತವರಿಗೆ ಬಂದವರು. ಫಾರ್ಮಿನ ನಿಯಮದಂತೆ ಬಸುರಿಯನ್ನು ಗಂಡನ ಊರಿನಲ್ಲಿ ಎಣಿಸಬೇಕು. ಬರೆದೆ: ಬಸುರಿಯರು, ಸೊನ್ನೆ.

ನನ್ನ ಕೈಕೆಳಗಿನ ನರ್ಸ್ ಹುಡುಗಿ ಮೆಲ್ಲಗೆ, “ಮೇಡಂ, ಎದುರಿಗೇ ಕೂತಾರ್ರಿ,” ಎಂದಳು.

“ಕೂತಿರಲಿ. ಗಂಡನ ಊರಿಗೆ ಹೋದ ತಂಡ ಇವರನ್ನು ಎಣಿಸುತ್ತದೆ,” ಎಂದೆ. ಐವರಲ್ಲಿ ಒಬ್ಬಳ ಗಂಡನ ಮನೆ ಮುದನಾಳದಲ್ಲಿತ್ತು. ಅಲ್ಲಿಗೆ ಹೋದ ತಂಡದವರಿಗೆ ಫೋನ್ ಮಾಡಿದೆ. ಅವರೂ ನನ್ನಷ್ಟೇ ನಿಯಮದವರು. ಹೆಂಗಸು ಮನೆಯಲ್ಲಿಲ್ಲ, ತವರಿಗೆ ಹೋಗಿದ್ದಾಳೆ, ಆದ್ದರಿಂದ ಎಣಿಸಿಲ್ಲ ಎಂದರು.

ಮುದನಾಳಕ್ಕೆ ಕೊಟ್ಟ ಹುಡುಗಿ ಇದನ್ನೆಲ್ಲ ಗಮನವಿಟ್ಟು ಕೇಳಿದಳು. ತುಂಬು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ಅಮ್ಮಾರ, ಇಲ್ಲೂ ಇಲ್ಲ, ಅಲ್ಲೂ ಇಲ್ಲ ಅಂದಮ್ಯಾಲ ಈ ಬ್ಯಾನಿ ನನಗ ಬರಂಗಿಲ್ಲಲ್ರಿ?” ಎಂದಳು.

೩. ಚೆಂದದ ಕೈಬರಹ

ತಿಂಗಳು ಕಳೆದು ಯಾದಗಿರಿಯಲ್ಲಿ ಸಭೆ. ಗೋಡೆಯ ಮೇಲೆ ನಕ್ಷೆ. ನಮ್ಮ ದೊಡ್ಡಿ ಮುಂಗಾರಿನ ಹುಲ್ಲಿನಂತೆ ಹಸಿರು. ಶಹಾಪುರ ಪೇಟೆ ರಕ್ತಗೆಂಪು. ಯಾಕೆಂದರೆ ನಕ್ಷೆಗೆ ಆಸ್ಪತ್ರೆಯ ಚೀಟಿಗಳನ್ನೂ ಸೇರಿಸಿದ್ದರು, ಸುತ್ತಲಿನ ಹಳ್ಳಿಯವರೆಲ್ಲ ಬಂದು ಚೀಟಿ ಮಾಡಿಸುವುದು ಅಲ್ಲಿಯೇ. ಆಸ್ಪತ್ರೆ ಇದ್ದಲ್ಲಿ ಕಾಯಿಲೆ. ಆಸ್ಪತ್ರೆ ಇಲ್ಲದಲ್ಲಿ ಆರೋಗ್ಯ.

ಪಕ್ಕದಲ್ಲಿ ಸುರಪುರ ಕಡೆಯ ಮೇಟ್ರನ್ ಕೂತಿದ್ದರು. ನನ್ನ ಕಿವಿಯಲ್ಲಿ, “ನಮ್ಮ ಗುಡ್ಡದಾಗ ಒಂದ ಎಳಿ ಹುಲ್ಲು ಹುಟ್ಟಂಗಿಲ್ರಿ. ನಕ್ಷಾದಾಗ ನೋಡ್ರಿ, ಮಲೆನಾಡ ಆಗ್ಯಾದ,” ಎಂದರು.

ನಾನು ಎದ್ದು ನಿಂತೆ. ದೊಡ್ಡಿಯ ಲೆಕ್ಕ ತಪ್ಪು, ಅಲ್ಲಿ ಕೆಮ್ಮುವವರಿದ್ದಾರೆ, ಬಸುರಿಯರಿದ್ದಾರೆ, ಹಾಸಿಗೆ ಹಿಡಿದವರಿದ್ದಾರೆ ಎಂದೆ.

ಅಧಿಕಾರಿ ಕಡತ ತರಿಸಿ ಹಾಳೆ ತಿರುವಿದರು. “ಈ ಕೈಬರಹ ಯಾರದು?”

“ನನ್ನದೇ, ಸರ್.”

“ಒಂದು ಗೀಚಿಲ್ಲ, ಒಂದು ತಿದ್ದುಪಡಿ ಇಲ್ಲ. ಇಡೀ ಜಿಲ್ಲೆಯಲ್ಲಿ ಇಷ್ಟು ಶುದ್ಧವಾದ ಫಾರ್ಮು ಇನ್ನೊಂದಿಲ್ಲ. ಉಳಿದವರದನ್ನೆಲ್ಲ ಅನುಮಾನಿಸಬಹುದು, ಮೇಡಂ. ನಿಮ್ಮದನ್ನು ಹೇಗೆ ಅನುಮಾನಿಸಲಿ?”

ಸಭೆ ಚಪ್ಪಾಳೆ ತಟ್ಟಿತು. ಮೂವತ್ತು ವರ್ಷದ ನೌಕರಿಯಲ್ಲಿ ನನ್ನ ಅಕ್ಷರವನ್ನು ಸರಕಾರ ಹೊಗಳಿದ್ದು ಅದೊಂದೇ ಸಲ.

೪. ಎರಡು ಟ್ರ್ಯಾಕ್ಟರ್ ರೋಗಿಗಳು

ಫಾರ್ಮು ಕೈಕೊಟ್ಟಿತು, ಇನ್ನು ಹಾಜರಿ ತೋರಿಸಿಯೇ ಸಾಬೀತು ಮಾಡಬೇಕು ಎಂದುಕೊಂಡೆ. ಆಶಾಳಿಗೆ ಹೇಳಿದೆ: “ದೊಡ್ಡಿಯಲ್ಲಿ ಯಾರಿಗೆ ಏನೇ ಇರಲಿ, ಎಲ್ಲರನ್ನೂ ಒಂದು ದಿನ ಆಸ್ಪತ್ರೆಗೆ ಕರೆದುಕೊಂಡು ಬಾ. ನಾನೇ ನಿಂತು ಬರೆಸುತ್ತೇನೆ.”

ಬಂದರು. ಎರಡು ಟ್ರ್ಯಾಕ್ಟರ್ ತುಂಬ. ಪೇಟೆಗೆ ಬರುವುದೆಂದು ಗಂಡಸರು ಮಡಿಕೆ ಮುರಿಯದ ಧೋತರ, ಹೆಂಗಸರು ಮದುವೆಯ ಇಳಕಲ್ ಸೀರೆ. ಕೆಮ್ಮುವ ಮುದುಕ ತಲೆಗೆ ಹಳದಿ ಪಟಕಾ ಸುತ್ತಿದ್ದ. ಹಾಸಿಗೆ ಹಿಡಿದವನನ್ನು ಹೊರಸಿನ ಸಮೇತ ಏರಿಸಿದ್ದರು. ಗೇಟಿನ ಕಾವಲುಗಾರ ಓಡಿ ಬಂದು, “ಮೇಡಂ, ಯಾರದೋ ಬೀಗರು ದಾರಿ ತಪ್ಪಿ ಬಂದಾರ್ರಿ,” ಎಂದ.

ಸಂಜೆಯವರೆಗೂ ನಿಂತು ಒಬ್ಬೊಬ್ಬರ ಕಾಯಿಲೆಯನ್ನೂ ಬರೆಸಿದೆ. ಆ ದಿನ ಯಾರೂ ಆರಾಮ ಎನ್ನಲಿಲ್ಲ. ಅವರು ನಮ್ಮ ಮನೆಗೆ ಬಂದವರು, ಹೇಳಿಕೊಳ್ಳಬಹುದು. ಎಲ್ಲವೂ ಕಂಪ್ಯೂಟರಿಗೆ ಹೋಯಿತು. ದೊಡ್ಡಿಯ ಹೆಸರು ನಾನೇ ನಿಂತು ಬರೆಸಿದರೂ ಕಂಪ್ಯೂಟರು ರೋಗಿಯ ಊರನ್ನು ಕೇಳುವುದಿಲ್ಲ, ಚೀಟಿ ಮಾಡಿದ ಊರನ್ನು ಕೇಳುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ.

ಶಹಾಪುರದ ಕೆಂಪು ಇನ್ನಷ್ಟು ಕೆಂಪಾಯಿತು. ಹೊಸ ನರ್ಸ್ ಮಂಜೂರಾಗಿ ಬಂದಳು, ನನ್ನ ವಾರ್ಡಿಗೆ.

ಏಳು ತಿಂಗಳ ಬಸುರಿ ಮಗಳನ್ನು ತೋರಿಸಲು ಬಂದ ಆಶಾ ಆ ಹೊಸ ನರ್ಸನ್ನು ಬಾಗಿಲಲ್ಲಿ ನಿಂತು ನೋಡಿದಳು. ಕಣ್ಣು ತುಂಬಿತ್ತು, ಬಾಯಿ ಮಾತ್ರ ಸುಮ್ಮನಿರಲಿಲ್ಲ. “ಇಡೀ ದೊಡ್ಡಿ ಬಂದು ನಿಮಗ ನರ್ಸ್ ಕೊಡಿಸೀವಿ, ಅಮ್ಮಾರ. ಒಂದ ಕಪ್ ಚಾ ಆದ್ರೂ ಕುಡಸ್ರಿ.”

೫. ಸನ್ಮಾನ

ಎರಡು ತಿಂಗಳ ಮೇಲೆ ಇನ್ನೊಂದು ಕಾಗದ ಬಂತು. ತಾಲೂಕಿನಲ್ಲೇ ಅತಿ ಕಡಿಮೆ ಕಾಯಿಲೆಯ ಜಾಗವೆಂದು ದೊಡ್ಡಿಗೆ ಸನ್ಮಾನ.

ಅಂದು ದೊಡ್ಡಿಗೆ ಏಳು ಜೀಪು, ಇಬ್ಬರು ಡಾಕ್ಟರು, ನಾನು, ನಾಲ್ವರು ನರ್ಸ್‌ಗಳು, ಒಂದು ಆಂಬುಲೆನ್ಸ್. ದೊಡ್ಡವರು ಬರುವಾಗ ಅವರಿಗೆ ಏನಾದರೂ ಆದರೆ ಎಂದು ಆಂಬುಲೆನ್ಸ್.

ಶಾಮಿಯಾನದ ಕೆಳಗೆ ಅಧಿಕಾರಿ ಹಿರಿಯನೊಬ್ಬನನ್ನು ಮುಂದೆ ಕರೆದು ಮೈಕು ಕೊಟ್ಟರು. “ಹೇಳಜ್ಜ, ನಿಮ್ಮ ಆರೋಗ್ಯದ ಗುಟ್ಟೇನು?”

ಅಜ್ಜ ಯೋಚಿಸಿ ಹೇಳಿದ: “ನಮ್ಮಲ್ಲಿ ಬರಕೊಳ್ಳೋರು ಯಾರೂ ಇಲ್ರಿ, ಸಾಹೇಬ್ರ.”

ಅಷ್ಟರಲ್ಲಿ ಆಶಾ ನುಗ್ಗಿ ಬಂದು ನನ್ನ ರಟ್ಟೆ ಹಿಡಿದಳು. ಮಗಳಿಗೆ ಬೇನೆ. ನಾನು ಖುರ್ಚಿ ಬಿಟ್ಟು ಎದ್ದೆ. ನನ್ನ ಹಿಂದೆ ನಾಲ್ವರು ನರ್ಸ್‌ಗಳು, ಅವರ ಹಿಂದೆ ಇಬ್ಬರು ಡಾಕ್ಟರು. ಗಂಟೆಯೊಳಗೆ ಕೂಸು ಬಂತು. ಕೊರಳಿಗೆ ಹೊಕ್ಕಳಬಳ್ಳಿ ಸುತ್ತಿತ್ತು. ಬಿಡಿಸಿ, ಬೆನ್ನು ತಿಕ್ಕಿ, ಅಳಿಸಿದೆವು. ಟ್ರ್ಯಾಕ್ಟರಿನಲ್ಲಾಗಿದ್ದರೆ ಏನಾಗುತ್ತಿತ್ತು ಎಂದು ಎಲ್ಲರಿಗೂ ಗೊತ್ತಿತ್ತು. ಆಶಾ ಗೋಡೆಗೆ ಹಣೆಯೂರಿ ಅತ್ತಳು.

ಹೊರಗೆ ಅಧಿಕಾರಿ ಮೈಕು ಹಿಡಿದರು: “ಈಗತಾನೇ ಇಲ್ಲಿ ಸುಸೂತ್ರ ಹೆರಿಗೆ ಆಗಿದೆ! ಈ ದೊಡ್ಡಿಗೆ ಏನೂ ಕೊರತೆ ಇಲ್ಲ ಎನ್ನಲು ಇನ್ನೇನು ಸಾಕ್ಷಿ ಬೇಕು?” ಚಪ್ಪಾಳೆ ಬಿತ್ತು. ಜೀಪುಗಳು ಧೂಳೆಬ್ಬಿಸಿ ಹೊರಟವು. ಅವುಗಳ ಹಿಂದೆ ಖಾಲಿ ಆಂಬುಲೆನ್ಸ್.

ನಾನು ಕೈ ತೊಳೆಯುತ್ತಿದ್ದೆ. ಆಶಾ ಕಣ್ಣೊರೆಸಿಕೊಂಡು, ಮೊಮ್ಮಗಳನ್ನು ಎದೆಗವುಚಿಕೊಂಡು ಹತ್ತಿರ ಬಂದಳು.

“ಅಮ್ಮಾರ, ನಮ್ಮ ದೊಡ್ಡಿಗಿ ಮತ್ತ ಸನ್ಮಾನ ಯಾವಾಗ ಮಾಡ್ತಾರ್ರಿ?”

“ಯಾಕೆ?”

“ಸಣ್ಣ ಮಗಳಿಗಿ ಈಗ ಮೂರು ತಿಂಗಳ್ರಿ.”